ಹಿಮ್ಮುಖ ಹರಿದ ಕಾಳಿ: ಪ್ರಯಾಣದ ಪದಬಂಧವನ್ನು ಕುರಿತು

ದಾರಿಯ ಬೇಸರ ಕಳೆಯಲು ದಿನಪತ್ರಿಕೆಯ ಪದಬಂಧಕ್ಕೆ ಕೈಹಾಕುವುದು ಕನ್ನಡ ಓದುಗರಲ್ಲಿ ಹಳೆಯ ರೂಢಿ. ಆದರೆ ಪತ್ರಿಕೆಗಳು ಕೊಡುತ್ತ ಬಂದಿರುವ ಪದಬಂಧ ನಿಜವಾಗಿ ಪ್ರಯಾಣಕ್ಕೆ ಒಗ್ಗುವಂಥದೇ ಎಂಬ ಪ್ರಶ್ನೆ ಹೆಚ್ಚಾಗಿ ಏಳುವುದಿಲ್ಲ. ಕಾರವಾರದಿಂದ ಹೊರಟು ಬಿಣಗಾ, ಚೆಂಡಿಯಾ, ತೋಡೂರು, ಅಮದಳ್ಳಿಗಳನ್ನು ಹಾಯ್ದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಅಂಕೋಲೆಯತ್ತ ಸಾಗುವ ಬಸ್ಸಿನಲ್ಲಿ ಒಬ್ಬ ಓದುಗನಿಗೆ ‘ಸಮುದ್ರ (3)’ ಎಂಬ ಸುಳಿವು ಎದುರಾಯಿತೆನ್ನೋಣ. ಕಡಲು, ಸಾಗರ, ಜಲಧಿ, ಶರಧಿ, ಅಂಬುಧಿ, ವಾರಿಧಿ, ಇವೆಲ್ಲವೂ ಮೂರು ಅಕ್ಷರದವೇ. ಕಿಟಕಿಯಾಚೆ ಸಮುದ್ರವೇ ಕಾಣುತ್ತಿದ್ದರೂ ಇವುಗಳಲ್ಲಿ ಯಾವುದನ್ನು ಬರೆಯಬೇಕೆಂದು ಆ ಸುಳಿವು ಹೇಳುವುದಿಲ್ಲ. ಅಡ್ಡ ಹಾಯುವ ಇನ್ನೊಂದು ಪದ ಗೊತ್ತಾಗಬೇಕು, ಇಲ್ಲವೇ ಮರುದಿನದ ಉತ್ತರಕ್ಕೆ ಕಾಯಬೇಕು, ಆ ಮರುದಿನ ಪ್ರಯಾಣಿಕ ಬೇರೆ ಊರಿನಲ್ಲಿ ಬೇರೆ ಪತ್ರಿಕೆ ಕೊಳ್ಳುತ್ತಿರುತ್ತಾನೆ.

ಇಂಥ ಸುಳಿವನ್ನು ಅರ್ಥಸೂಚಕ ಸುಳಿವು ಎನ್ನಬಹುದು: ಅದು ಅರ್ಥವನ್ನು ಕೊಟ್ಟು ಪದವನ್ನು ಕೇಳುತ್ತದೆ, ಅಂದರೆ ನೆನಪನ್ನು ಪರೀಕ್ಷಿಸುತ್ತದೆ. ಕನ್ನಡದ ಪದಬಂಧ ಬಹುಪಾಲು ಈ ದಾರಿಯಲ್ಲೇ ಬೆಳೆದಿದೆ, ಸಮೃದ್ಧವಾಗಿಯೇ ಬೆಳೆದಿದೆ. ಕೋಲಾರ ಜಿಲ್ಲೆಯ ಅಬ್ಬಣಿಯಲ್ಲಿ 1953ರಲ್ಲಿ ಹುಟ್ಟಿದ ಅ.ನಾ. ಪ್ರಹ್ಲಾದರಾವ್ ಅವರೊಬ್ಬರೇ ಮೂವತ್ತು ಸಾವಿರಕ್ಕೂ ಹೆಚ್ಚು ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆ ಪುಸ್ತಕವನ್ನು ಸೇರಿದರೆಂಬುದು ಈ ಪ್ರಕಾರಕ್ಕಿರುವ ಓದುಗಬಳಗಕ್ಕೆ ಸಾಕ್ಷಿ. ಮನೆಯಲ್ಲಿ ನಿಘಂಟು, ಪಕ್ಕದಲ್ಲಿ ಪುರಾಣ ಬಲ್ಲ ಹಿರಿಯರು, ಸಿನಿಮಾ ಬಲ್ಲ ಕಿರಿಯರು ಇದ್ದಾಗ ಅರ್ಥಸೂಚಕ ಪದಬಂಧ ಕೂಡಿ ಆಡುವ ಒಳ್ಳೆಯ ಆಟ. ಒಂಟಿ ಪ್ರಯಾಣಿಕನಿಗೆ ಇವಾವುವೂ ಇರುವುದಿಲ್ಲ. ಕೊಂಕಣ ರೈಲಿನಲ್ಲಿ ಹೋಗುವವನಿಗೆ ಮೊಬೈಲಿನ ಆಸರೆಯೂ ಅಲ್ಲಲ್ಲಿ ತಪ್ಪುತ್ತದೆ: 1998ರ ಜನವರಿ 26ರಿಂದ ಪೂರ್ಣವಾಗಿ ತೆರೆದುಕೊಂಡ ಆ ಮಾರ್ಗದಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳಿದ್ದು, ಕಾರವಾರದ ಹೆಸರಿನ ಸುರಂಗವೊಂದೇ ಸುಮಾರು 3 ಕಿಲೋಮೀಟರ್ ಉದ್ದವಿದೆ.

ಕ್ರಿಪ್ಟಿಕ್ ಕ್ರಾಸ್‌ವರ್ಡ್ ಎಂದು ಇಂಗ್ಲಿಷಿನಲ್ಲಿ ಹೆಸರಾದ ಗೂಢ ಪದಬಂಧ ಇಲ್ಲಿ ಮುಖ್ಯವಾಗುತ್ತದೆ. ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮೊದಲ ಪದಬಂಧ ಅರ್ಥಸೂಚಕವೇ ಆಗಿತ್ತು. 1926ರಿಂದ ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಗೆ ಟಾರ್ಕೆಮಾಡಾ ಎಂಬ ಹೆಸರಿನಲ್ಲಿ ಬರೆದ ಎಡ್ವರ್ಡ್ ಪೋವಿಸ್ ಮ್ಯಾದರ್ಸ್ ಅದನ್ನು ಗೂಢಕ್ಕೆ ತಿರುಗಿಸಿದರು; ಅವರ ಉತ್ತರಾಧಿಕಾರಿ ಕ್ಸಿಮೆನೀಸ್ 1966ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆಟದ ನ್ಯಾಯವನ್ನು ಬಿಗಿಯಾಗಿ ಗೊತ್ತುಪಡಿಸಿದರು. ಆ ನ್ಯಾಯದ ಪ್ರಕಾರ ಪ್ರತಿ ಸುಳಿವಿನಲ್ಲೂ ಉತ್ತರ ಎರಡು ಬಾರಿ ಇರುತ್ತದೆ: ಒಂದು ತುದಿಯಲ್ಲಿ ಅರ್ಥವಾಗಿ, ಉಳಿದ ಭಾಗದಲ್ಲಿ ಅಕ್ಷರಗಳ ಚಮತ್ಕಾರವಾಗಿ, ಇವೆರಡನ್ನು ಬಿಟ್ಟು ಮೂರನೆಯದೇನೂ ಇರಕೂಡದು. ಪ್ರಯಾಣಿಕನ ದೃಷ್ಟಿಯಿಂದ ಈ ನಿಯಮದ ಬೆಲೆ ದೊಡ್ಡದು, ಏಕೆಂದರೆ ಎರಡು ದಾರಿಗಳೂ ಒಂದೇ ಪದದಲ್ಲಿ ಕೂಡಿದಾಗ ಉತ್ತರ ಸರಿಯೆಂದು ಹೇಳಲು ನಾಳಿನ ಪತ್ರಿಕೆ ಬೇಕಾಗುವುದಿಲ್ಲ, ನಿಘಂಟೂ ಬೇಕಾಗುವುದಿಲ್ಲ. ಇದಲ್ಲದೆ ಸುಳಿವನ್ನು ಒಮ್ಮೆ ಓದಿ ಪತ್ರಿಕೆ ಮಡಚಿಟ್ಟು ಹೊರಗೆ ನೋಡುತ್ತಲೇ ಯೋಚಿಸಬಹುದು. ಕುಲುಕುವ ಬಸ್ಸಿನಲ್ಲಿ ಬರೆಯಬೇಕಾದದ್ದು ಕೊನೆಯ ಅರೆಕ್ಷಣ ಮಾತ್ರ.

ಕನ್ನಡದಲ್ಲಿ ಇಂಥ ಸುಳಿವು ಹೇಗಿದ್ದೀತು? ‘ಹಿಮ್ಮುಖ ಹರಿದ ಕಾಳಿ ಇಪ್ಪತ್ತನಾಲ್ಕು ಗಂಟೆ (2)’ ಎಂಬುದನ್ನು ನೋಡಬಹುದು. ಕಾಳಿ ಎಂದರೆ ನದಿ. ಆ ಎರಡು ಅಕ್ಷರಗಳನ್ನು ಹಿಂದುಮುಂದಾಗಿಸಿದರೆ ದಿನ. ಕಾರವಾರದಲ್ಲಿ ಕಡಲು ಸೇರುವ ಕಾಳಿಯ ಅಳಿವೆಯಲ್ಲಿ ಭರತದ ಹೊತ್ತಿಗೆ ನೀರು ಒಳನಾಡಿನತ್ತ ಹಿಂದಕ್ಕೆ ನುಗ್ಗುವುದನ್ನು ಕಂಡವರಿಗೆ ಈ ವಾಕ್ಯ ಹೊರನೋಟಕ್ಕೂ ಸುಳ್ಳಲ್ಲ, ಮೇಲ್ಮೈಯ ಅರ್ಥ ನಂಬುವಂತಿದ್ದು ಒಳಗಿನ ಕೆಲಸವನ್ನು ಮರೆಮಾಚುವುದೇ ಒಳ್ಳೆಯ ಸುಳಿವಿನ ಲಕ್ಷಣ. ‘ಕವಿ ಮಾನವನ ಒಳಗೇ ಇದೆ ಆಕಾಶದ ಬಂಡಿ (3)’ ಎಂಬುದು ಇನ್ನೊಂದು ಬಗೆ. ಎರಡು ಪದಗಳನ್ನು ಒತ್ತೊತ್ತಿಗೆ ಬರೆದು ತುದಿಗಳನ್ನು ಬಿಟ್ಟರೆ ನಡುವೆ ವಿಮಾನ ಉಳಿಯುತ್ತದೆ.

ಆದರೆ ಇಂಗ್ಲಿಷಿನ ಉಪಕರಣಗಳೆಲ್ಲವೂ ಕನ್ನಡಕ್ಕೆ ಒಗ್ಗುವುದಿಲ್ಲ. ಒಂದೇ ಉಚ್ಚಾರಣೆಗೆ ಹಲವು ಕಾಗುಣಿತಗಳಿರುವ ಇಂಗ್ಲಿಷಿನಲ್ಲಿ ಕಿವಿಯನ್ನು ಮೋಸಗೊಳಿಸುವ ಸುಳಿವುಗಳು ಹೇರಳ. ಉಚ್ಚರಿಸಿದಂತೆ ಬರೆಯುವ ಕನ್ನಡದಲ್ಲಿ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ‘ಮೆಣಸಿನ ರುಚಿಯ ಹಿಂದೆ ಏಳು ದಿನ ಅಲೆದರೆ ಸಿಗುವ ಬಂದರು (4)’ ಎಂದು ಕಾರವಾರಕ್ಕೆ ಸುಳಿವು ಕಟ್ಟಿದರೆ, ರುಚಿಗೆ ಇಂದು ರೂಢಿಯಲ್ಲಿರುವುದು ಮಹಾಪ್ರಾಣದ ಖಾರ, ಊರಿಗೆ ಬೇಕಾದದ್ದು ಅಲ್ಪಪ್ರಾಣದ ಕಾರ. ಬಾಯಿಮಾತಿನಲ್ಲಿ ಇವೆರಡರ ಅಂತರ ಸವೆದಿರುವುದರಿಂದ ‘ಆಡುಮಾತಿನಲ್ಲಿ’ ಎಂಬಂಥ ಒಂದು ಸೂಚನೆಯನ್ನು ಸೇರಿಸಿದರೆ ನ್ಯಾಯ ಉಳಿಯುತ್ತದೆ, ಸೇರಿಸದಿದ್ದರೆ ಅದು ಬರಿಯ ಸಡಿಲತನ.

ಅಕ್ಷರಪಲ್ಲಟದ ಸ್ಥಿತಿಯೂ ಇಷ್ಟೇ. ಕನ್ನಡದ ಚೌಕದಲ್ಲಿ ಕೂರುವುದು ಬಿಡಿ ವರ್ಣವಲ್ಲ, ಗುಣಿತ, ಒತ್ತು, ಅನುಸ್ವಾರಗಳನ್ನೆಲ್ಲ ಹೊತ್ತ ಇಡೀ ಅಕ್ಷರ. ‘ಸ್ತ್ರೀ’ಗೂ ಒಂದೇ ಚೌಕ. ಹೀಗಾಗಿ ಪದಗಳು ಮೂರು, ನಾಲ್ಕು ಚೌಕಗಳಲ್ಲಿ ಮುಗಿಯುತ್ತವೆ. ಮೂರು ಅಕ್ಷರಗಳನ್ನು ಕಲಕಲು ಇರುವ ಕ್ರಮಗಳು ಆರೇ. ಅದರಲ್ಲೂ ‘ಕಡಲು’ ಪದವನ್ನು ಹೇಗೆ ಕಲಕಿದರೂ ಕೆಲಸಕ್ಕೆ ಬರುವ ಇನ್ನೊಂದು ಪದ ಹುಟ್ಟುವುದಿಲ್ಲ. ಎಲ್ಲ ವ್ಯಂಜನಗಳೂ ಅಕಾರದಲ್ಲಿ ನಿಂತಿರುವ ಕಡೆ ಈ ಆಟ ಹೆಚ್ಚಾಗಿ ಫಲಿಸುತ್ತದೆ: ‘ವನದ ಗಲಿಬಿಲಿಯಲ್ಲಿ ಮುಖ (3)’ ಎಂದರೆ ವದನ, ಅದನ್ನೇ ಮತ್ತೆ ಕಲಕಿದರೆ ದವನ. ಅಡ್ಡ ಹಾಯುವ ಅಕ್ಷರದ ನೆರವೂ ಇಲ್ಲಿ ಅತಿಯಾದದ್ದು. ಇಂಗ್ಲಿಷಿನಲ್ಲಿ ತುಂಬಿದ ಒಂದು ಚೌಕ ಇಪ್ಪತ್ತಾರರಲ್ಲಿ ಒಂದನ್ನು ತಿಳಿಸಿದರೆ ಕನ್ನಡದ ಚೌಕ ನೂರಾರು ಗುಣಿತಾಕ್ಷರಗಳಲ್ಲಿ ಒಂದನ್ನು ತಿಳಿಸುತ್ತದೆ. ನಡುವೆ ‘ಡೂ’ ಎಂಬುದು ಬಿದ್ದ ಮೇಲೆ ಸುಳಿವನ್ನು ಓದುವ ಅಗತ್ಯವೇ ಉಳಿಯದೆ ಹೋಗಬಹುದು. ಕನ್ನಡದ ಗೂಢ ಪದಬಂಧ ತನ್ನ ಚೌಕಗಳನ್ನು ವಿರಳವಾಗಿ ಹೆಣೆದು, ಬಲವನ್ನೆಲ್ಲ ಸುಳಿವಿನಲ್ಲಿ ಇಡಬೇಕಾದದ್ದು ಈ ಕಾರಣಕ್ಕೆ.

ಆ ಬಲ ಎಲ್ಲಿಂದ ಬರಬೇಕೆಂಬುದಕ್ಕೆ ತೋಡೂರಿನ ಹೆಸರೇ ನಿದರ್ಶನ. ‘ಅಗೆ, ಆಮೇಲೆ ಹಳ್ಳಿ: ಅಂಕೋಲೆಯ ದಾರಿಯಲ್ಲಿ ಸಿಗುತ್ತದೆ (3)’ ಎಂಬ ಸುಳಿವನ್ನು ಬಿಡಿಸುವವನಿಗೆ ತೋಡು, ಊರು ಎಂಬೆರಡು ಪದಗಳು ಹೊಳೆದರೂ ಅವು ನಾಲ್ಕು ಚೌಕಗಳನ್ನು ಕೇಳುತ್ತವೆ, ಶಾಲೆಯಲ್ಲಿ ಕಲಿತ ಲೋಪಸಂಧಿ ನೆನಪಾಗಿ, ‘ಡು’ವಿನ ಉಕಾರ ಬಿದ್ದು ಮುಂದಿನ ದೀರ್ಘ ಊಕಾರ ಅದೇ ಚೌಕವನ್ನು ಹೊಕ್ಕಾಗ ಮಾತ್ರ ಮೂರಾಗುತ್ತದೆ. ಊರಿಗೆ ಆ ಹೆಸರು ಹೇಗೆ ಬಂತೆಂಬುದು ಬೇರೆಯೇ ವಿಚಾರ, ಪದಬಂಧಕ್ಕೆ ಅದರ ಗೊಡವೆಯಿಲ್ಲ. ಇಂಗ್ಲಿಷಿನ ಗೂಢಕಾರ ಅಕ್ಷರಗಳನ್ನು ಇಟ್ಟಿಗೆಗಳಂತೆ ಪಕ್ಕಪಕ್ಕ ಇಡುತ್ತಾನೆ, ಕನ್ನಡದಲ್ಲಿ ಅವು ಒಂದರೊಳಗೊಂದು ಕರಗುತ್ತವೆ. ಈ ಕರಗುವಿಕೆಯೇ ಇಲ್ಲಿನ ನಿಜವಾದ ಗೂಢ. ಲೋಪಸಂಧಿಗೆ ಪ್ರತ್ಯೇಕ ಸೂಚನೆ ಕೊಡಬೇಕಾಗಿಲ್ಲ, ಅದು ಮಾತನಾಡುವವರೆಲ್ಲರ ನಾಲಿಗೆಯ ಮೇಲಿದೆ. ಇಲ್ಲದ ಅಕ್ಷರವನ್ನು ತಂದು ಸೇರಿಸುವ ಆಗಮಸಂಧಿಗೂ, ‘ಮಳೆಗಾಲ’ದಲ್ಲಿ ಕಕಾರವನ್ನು ಗಕಾರವಾಗಿಸುವ ಆದೇಶಸಂಧಿಗೂ ಸುಳಿವಿನಲ್ಲಿ ಒಂದು ಎಳೆಯಾದರೂ ಸಿಗಬೇಕು, ಇಲ್ಲದಿದ್ದರೆ ಬಿಡಿಸುವವನಿಗೆ ಅನ್ಯಾಯವಾಗುತ್ತದೆ.

ಇದಾವುದೂ ಆಮದು ಸರಕಲ್ಲ. ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಪ್ರಹೇಳಿಕೆಗಳನ್ನು, ಅಂದರೆ ಅರ್ಥವನ್ನು ಮರೆಸಿ ಹೇಳುವ ಉಕ್ತಿಗಳನ್ನು, ಹದಿನಾರು ಬಗೆಯಾಗಿ ವಿಂಗಡಿಸಿದ್ದಾನೆ, ಕನ್ನಡದಲ್ಲಿ ಅಲ್ಲಮನ ಬೆಡಗಿನ ವಚನಗಳಿವೆ, ಕನಕದಾಸರ ಮುಂಡಿಗೆಗಳಿವೆ, ಹಳ್ಳಿಹಳ್ಳಿಯ ಒಗಟುಗಳಿವೆ. ನೆರೆಯ ತೆಲುಗಿನಲ್ಲಿ ಶ್ರೀಶ್ರೀ, ಆರುದ್ರರಂಥ ಕವಿಗಳೇ ಪದಬಂಧ ರಚನೆಗೆ ಇಳಿದದ್ದರಿಂದ ಅಲ್ಲಿ ಸುಳಿವಿಗೆ ಕವಿಯ ಕೈ ತಾಗಿತು.

ಕಾರವಾರದ ಕರಾವಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯೂ ಇದೆ. ಇಲ್ಲಿನ ಅನೇಕರು ಓದುವ ಪತ್ರಿಕೆ ಕನ್ನಡದ್ದು, ಮನೆಮಾತು ಕೊಂಕಣಿ. ಸಮಾನಾರ್ಥಕಗಳ ಕಂಠಪಾಠವನ್ನು ಬೇಡುವ ಪದಬಂಧ ಅಂಥವರಿಗೆ ಪರೀಕ್ಷೆಯಂತೆ ಕಾಣುತ್ತದೆ; ಉತ್ತರಕ್ಕೆ ತಲುಪಲು ಎರಡನೆಯ ದಾರಿಯನ್ನೂ ತೆರೆದಿಡುವ ಗೂಢ ಪದಬಂಧ ಅವರಿಗೆ ಹೆಚ್ಚು ಉದಾರವಾದದ್ದು, ಮೇಲ್ಮೈಯ ನುಡಿಗಟ್ಟಿನಲ್ಲಿ ಮನೆಮಾತಿನವರಿಗೆ ತುಸು ಲಾಭವಿದ್ದರೂ. ಅಡ್ಡಿಯಿರುವುದು ರಚನೆಯ ಕಡೆ. ಅರ್ಥಸೂಚಕ ಸುಳಿವು ಒಂದು ನಿಮಿಷದಲ್ಲಿ ಹುಟ್ಟಿದರೆ ಗೂಢ ಸುಳಿವಿಗೆ ಅರ್ಧ ದಿನವೂ ಹಿಡಿಯಬಹುದು, ಒಬ್ಬನೇ ರಚನಕಾರ ದಿನಕ್ಕೊಂದರಂತೆ ಅದನ್ನು ಒದಗಿಸುವುದು ಆಗದ ಮಾತು. ವಾರಪತ್ರಿಕೆಯೊಂದು ವಾರಕ್ಕೊಂದು ಸಣ್ಣ ಬಂಧವನ್ನು, ಹತ್ತು ಹನ್ನೆರಡು ಸುಳಿವುಗಳಷ್ಟನ್ನೇ, ಉತ್ತರದ ಜತೆಗೆ ಬಿಡಿಸಿದ ಬಗೆಯನ್ನೂ ಅಚ್ಚುಹಾಕಿ ಕೊಡುವುದಾದರೆ, ಕಾರವಾರದಿಂದ ಅಂಕೋಲೆಯವರೆಗಿನ ದಾರಿಗೆ ಅಷ್ಟು ಸಾಕು.