ಗೀಳಿನ ತೀವ್ರತೆಯ ಮಾಪನ: ಒಂದು ವಿಮರ್ಶೆ

ಗತಿಸಿದ ಮಹಾಪುರುಷರಿಗೆ ಇಂದಿನ ಮನೋರೋಗಗಳ ಹೆಸರನ್ನು ಹಚ್ಚುವ ಪರಿಪಾಠವು ಜೀವನಚರಿತ್ರೆಗಳಲ್ಲಿ ಹೊಸದೇನಲ್ಲ. ಕೆಲವರು ಅಷ್ಟಕ್ಕೇ ನಿಲ್ಲದೆ ರೋಗದ ತೀವ್ರತೆಯನ್ನೂ ಹೇಳಹೊರಡುತ್ತಾರೆ. ಇದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಗೀಳು ಮನೋರೋಗದ ನಿದರ್ಶನದಿಂದ ಪರಿಶೀಲಿಸಬಯಸುತ್ತೇವೆ.

ಬೇಡವೆಂದರೂ ಮರಳಿ ಮರಳಿ ನುಗ್ಗುವ ವಿಚಾರ, ಅದರ ಕಳವಳವನ್ನು ತಗ್ಗಿಸಲೆಂದು ಮಾಡಲೇಬೇಕೆನಿಸುವ ಕ್ರಿಯೆ, ಇವೆರಡೂ ಈ ರೋಗದ ಮುಖಗಳು. ಇದರ ತೀವ್ರತೆಯನ್ನಳೆಯಲು ಅಮೆರಿಕದ ವೇಯ್ನ್ ಗುಡ್‌ಮನ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಯೇಲ್-ಬ್ರೌನ್ ಮಾಪಕವು ಸುಪ್ರಸಿದ್ಧವಾದುದು. ವ್ಯಯವಾಗುವ ಕಾಲ, ಬಾಳಿಗೊದಗುವ ಅಡ್ಡಿ, ಸಂಕಟ, ಪ್ರತಿರೋಧ, ಹತೋಟಿ ಎಂಬ ಐದು ಅಂಶಗಳನ್ನು ವಿಚಾರಕ್ಕೂ ಕ್ರಿಯೆಗೂ ಬೇರೆ ಬೇರೆಯಾಗಿ ಪ್ರಶ್ನಿಸಿ, ಒಂದೊಂದಕ್ಕೆ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ; ಗರಿಷ್ಠ ಮೊತ್ತ 40. ಗೀಳು ಶುಚಿತ್ವದ್ದೋ ಪಾಪಭೀತಿಯದೋ ಎಂಬುದು ಅಂಕವನ್ನು ನಿರ್ಧರಿಸದು. ಅದು ಬಾಳನ್ನು ಎಷ್ಟು ಆಕ್ರಮಿಸಿದೆಯೆಂಬುದೇ ಮುಖ್ಯ. ಇದು ಈ ಮಾಪಕದ ಹಿರಿಯ ಗುಣ.

ದೋಷವೂ ಇಲ್ಲದಿಲ್ಲ. ವಿಚಾರವನ್ನು ಪ್ರತಿರೋಧಿಸದವನಿಗೆ ಇಲ್ಲಿ ಹೆಚ್ಚು ಅಂಕ. ಚಿಕಿತ್ಸೆಯಾದರೋ ಅದರೊಡನೆ ಗುದ್ದಾಡದಿರುವುದನ್ನೇ ಕಲಿಸುತ್ತದೆ. 2010ರ ಪರಿಷ್ಕೃತ ಮಾಪಕದಲ್ಲಿ ಈ ಅಂಶವನ್ನು ಕೈಬಿಟ್ಟು, ಗೀಳಿಲ್ಲದ ಬಿಡುವಿನ ಅವಧಿಯನ್ನು ಸೇರಿಸಿದರು. ಗರಿಷ್ಠ ಮೊತ್ತವೂ 50 ಆಯಿತು. ಅಳೆಯುವ ಕೋಲಿಗೇ ಒಂದು ಇತಿಹಾಸವಿದೆಯೆಂಬುದನ್ನು ನಾವು ಮರೆಯಲಾಗದು.

ಇನ್ನು ಆಂಗ್ಲ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ನನ (1709-1784) ವಿಷಯ. ಬಾಗಿಲನ್ನು ದಾಟುವಾಗ ಆತನು ಹೆಜ್ಜೆಗಳ ನಿಯಮವೊಂದನ್ನು ಪಾಲಿಸುತ್ತಿದ್ದನೆಂದೂ, ತಪ್ಪಿದರೆ ಹಿಂದಿರುಗಿ ಮತ್ತೆ ದಾಟುತ್ತಿದ್ದನೆಂದೂ ಬಾಸ್ವೆಲ್ ತನ್ನ 1791ರ ಗ್ರಂಥದಲ್ಲಿ ಬರೆದಿದ್ದಾನೆ. ಇದರ ಕಾರಣವನ್ನು ಕೇಳಲು ಗೆಳೆಯರಾರೂ ಧೈರ್ಯಮಾಡಲಿಲ್ಲವೆಂಬುದೂ ಅವನ ಮಾತೇ. ನಮ್ಮ ವಾದವೆಲ್ಲ ಇದರಲ್ಲಡಗಿದೆ. ಕಣ್ಣಿಗೆ ಕಂಡದ್ದು ಕ್ರಿಯೆ. ಹೆಜ್ಜೆ ತಪ್ಪಿದಾಗಿನ ಸಂಕಟವೆಷ್ಟೆಂಬುದನ್ನು ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಅಂಕವೆಲ್ಲಿಯದು?

ಜಾನ್ ಬನಿಯನ್ ತನ್ನ ಅಂತಸ್ತಾಪವನ್ನು 1666ರಲ್ಲಿ ತಾನೇ ಬರೆದಿಟ್ಟನಲ್ಲಾ ಎಂದರೆ, ಅದು ದೈವಕೃಪೆಯನ್ನು ಸಾರಲೆಂದು ಹಿಂದಿನದನ್ನು ನೆನೆದು ಬರೆದುದು. ಮಾಪಕವು ಕೇಳುವುದು ಕಳೆದ ಒಂದು ವಾರದ ಮಾತನ್ನು.

ಆದಕಾರಣ ಇತಿಹಾಸಕಾರನು ಲಕ್ಷಣಗಳನ್ನು ಸಾಕ್ಷ್ಯಸಹಿತ ವರ್ಣಿಸಲಿ, ತೀವ್ರತೆಯನ್ನು ಎಣಿಸಹೊರಡದಿರಲಿ. ಗತಿಸಿದವರನ್ನು ಕೇಳುವ ಬಗೆಯಿಲ್ಲ. ಆದರೆ ಬೀಗವನ್ನು ಹತ್ತು ಸಲ ಎಳೆದು ನೋಡಿ ತರಗತಿಗೆ ತಡವಾಗಿ ಬರುವ ವಿದ್ಯಾರ್ಥಿಯು ನಮ್ಮೆದುರಿಗೇ ಇರಬಹುದು. ಅವನಿಗೆ ರೋಗದ ಹೆಸರಿಟ್ಟು ನಗುವುದು ಸಲ್ಲದು. ಅವನನ್ನು ಆದರದಿಂದ ವಿಚಾರಿಸಿ, ಕೇಳಬಲ್ಲ ತಜ್ಞರ ಬಳಿಗೆ ಕಳುಹುವುದು ನಮ್ಮ ಕರ್ತವ್ಯ.