ಲಕ್ಕಮ್ಮನ ಎರಡು ಮಾತು

ದೀಪಾವಳಿಗೆಂದು ಬೆಂಗಳೂರಿನಿಂದ ಬಂದ ಅಳಿಯನ ಚೀಲದಿಂದ ಬಟ್ಟೆಗಿಂತ ಮೊದಲು ಹೊರಬಂದದ್ದು ಒಂದು ಇಂಗ್ಲಿಷ್ ಪುಸ್ತಕ: ಕ್ಯಾಲ್ ನ್ಯೂಪೋರ್ಟ್ ಬರೆದ ‘ಡೀಪ್ ವರ್ಕ್’. 2016ರಲ್ಲಿ ಬಂದದ್ದು. ಫೋನು, ಈಮೇಲು, ಮೀಟಿಂಗುಗಳ ನಡುವೆ ಚೂರುಚೂರಾಗುವ ಗಮನವನ್ನು ಒಂದೆಡೆ ಕೂಡಿಸಿ, ಕಷ್ಟದ ಕೆಲಸವೊಂದರಲ್ಲಿ ಗಂಟೆಗಟ್ಟಲೆ ಮುಳುಗುವುದು ಹೇಗೆ ಎಂದು ಹೇಳುವ ಪುಸ್ತಕ. ನಾನೂ ಓದಿದೆ. ಕೆಟ್ಟ ಪುಸ್ತಕವೇನಲ್ಲ. ಬರೆಯಲು ಕುಳಿತು ಹತ್ತು ನಿಮಿಷಕ್ಕೊಮ್ಮೆ ಫೋನ್ ನೋಡುವ ನನ್ನಂಥವನಿಗೆ ಅದರ ಕೆಲವು ಪುಟಗಳು ನಾಚಿಕೆಯನ್ನೂ ತರಿಸಿದವು. ಆದರೆ ತಲೆಯಲ್ಲಿ ಉಳಿದದ್ದು ಅದನ್ನು ನನ್ನ ಕೈಗೆ ಕೊಡುವಾಗ ಅಳಿಯ ಆಡಿದ ಮಾತು. ‘ಮಾಮಾ, ಇದನ್ನ ನಮ್ಮ ಬಸವಣ್ಣನವರು ಯಾವಾಗೋ ಹೇಳ್ಯಾರ. ನಮ್ಮ ಆಫೀಸಿನ ಗ್ವಾಡಿ ಮ್ಯಾಲೂ ಬರದಾರ ನೋಡ್ರಿ.’

ಗೋಡೆಯ ಮೇಲಿನ ಆ ಎರಡು ಪದದ ಮಾತು ಯಾವುದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಬಸವನ ಬಾಗೇವಾಡಿಯ ಸೀಮೆಯವರಾದ ನಾವು ಅದನ್ನು ಶಾಲೆ, ಬ್ಯಾಂಕು, ತಹಶೀಲ್ದಾರ್ ಕಚೇರಿ, ಕೊನೆಗೆ ಟ್ರ್ಯಾಕ್ಟರಿನ ಹಿಂಬದಿಯಲ್ಲೂ ಓದುತ್ತಲೇ ಬೆಳೆದವರು. ಬಸವಣ್ಣನವರು ಹುಟ್ಟಿದ ಊರಿನ ಹೆಮ್ಮೆಯೂ ಅದರಲ್ಲಿ ಸೇರಿಕೊಂಡಿದೆ. ಹೀಗಾಗಿ ಆ ಮಾತು ವಚನ ಸಾಹಿತ್ಯದಲ್ಲಿ ಎಲ್ಲಿ ಬರುತ್ತದೆ, ಯಾರ ಬಾಯಲ್ಲಿ ಬರುತ್ತದೆ ಎಂದು ಕೇಳುವ ಗೋಜಿಗೆ ನಾವು ಹೋಗುವುದಿಲ್ಲ. ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಆ ವಚನವನ್ನು ಅವನ ಹೆಂಡತಿ ಲಕ್ಕಮ್ಮನಿಂದ ಬೇರ್ಪಡಿಸಿ ಓದಿದರೆ ಅರ್ಥ ಅರ್ಧಕ್ಕೆ ನಿಲ್ಲುತ್ತದೆ ಎಂಬುದು ನನ್ನ ತಕರಾರು.

ಕಥೆ ಗೊತ್ತಿದ್ದದ್ದೇ. ದಂಪತಿಗಳು ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಶರಣರ ಗೋಷ್ಠಿಯಲ್ಲಿ ಕಾಯಕದ ಹಿರಿಮೆಯನ್ನು ಚರ್ಚಿಸುತ್ತ ಕಾಯಕಕ್ಕೆ ಹೋಗುವುದನ್ನೇ ಮರೆತ. (ಇದನ್ನು ಓದುವಾಗಲೆಲ್ಲ ನಮ್ಮ ವಿಚಾರ ಸಂಕಿರಣಗಳ ನೆನಪಾಗುತ್ತದೆ.) ಆಗ ಲಕ್ಕಮ್ಮ ಬಂದು, ಕಾಯಕ ನಿಂತುಹೋಗಿದೆ, ಎದ್ದು ನಡೆ ಎನ್ನುತ್ತಾಳೆ. ಮಾರಯ್ಯ ಎದ್ದು ಓಡುತ್ತಾನೆ. ಅಂದು ಎಂದಿಗಿಂತ ಹೆಚ್ಚು ಅಕ್ಕಿ ಸಿಗುತ್ತದೆ. ಅದನ್ನೆಲ್ಲ ಕಟ್ಟಿಕೊಂಡು ಮನೆಗೆ ಬರುತ್ತಾನೆ. ಲಕ್ಕಮ್ಮ ಗಂಟನ್ನು ನೋಡಿದ ಕೂಡಲೇ ವ್ಯತ್ಯಾಸ ಹಿಡಿಯುತ್ತಾಳೆ. ಇಷ್ಟು ಅಕ್ಕಿಯ ಆಸೆ ನಮಗೇಕೆ, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎನ್ನುತ್ತಾಳೆ.

ಒಂದೇ ದಿನ, ಒಂದೇ ಹೆಣ್ಣು, ಒಂದೇ ಗಂಡನಿಗೆ ಹೇಳಿದ ಎರಡು ಮಾತು. ಮೊದಲನೆಯದು ‘ಏಳು’, ಎರಡನೆಯದು ‘ಸಾಕು’. ಏಕಾಗ್ರತೆಯ ಇಂದಿನ ಪುಸ್ತಕಗಳೂ ಪ್ರೇರಣಾ ಭಾಷಣಗಳೂ ಕಾಯಕದ ಹೆಸರಿನಲ್ಲಿ ಎತ್ತಿಕೊಂಡದ್ದು ಮೊದಲನೆಯದನ್ನು ಮಾತ್ರ. ಲಿಂಗವೇ ನೀರಿಗೆ ಬಿದ್ದರೂ ಹುಲ್ಲು ಕೊಯ್ಯುವುದನ್ನು ನಿಲ್ಲಿಸದ ನುಲಿಯ ಚಂದಯ್ಯನೂ ಆ ಭಾಷಣಗಳಲ್ಲಿ ಸಲೀಸಾಗಿ ಹೊಂದಿಕೊಳ್ಳುತ್ತಾನೆ. ಲಕ್ಕಮ್ಮನ ಎರಡನೆಯ ಮಾತನ್ನು ಯಾವ ಕಂಪನಿ ತಾನೆ ಗೋಡೆಗೆ ಹಾಕೀತು? ದಿನದ ಗುರಿ ಮುಟ್ಟಿದ ಮೇಲೆ ಹೆಚ್ಚಿನದನ್ನು ತಿರುಗಿ ಕೊಟ್ಟು ಬಾ ಎಂದರೆ ಯಾವ ಮ್ಯಾನೇಜರು ಕೇಳಿಯಾನು?

ಈ ಎರಡನೆಯ ಮಾತಿಗೆ ನೇರ ಎದುರಾಗಿ ನಿಲ್ಲುವ ಇನ್ನೊಂದು ಕಥೆ ಅಮೆರಿಕದ್ದು. ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರಕಟಿಸಿದ ‘ದಿ ಪ್ರಿನ್ಸಿಪಲ್ಸ್ ಆಫ್ ಸೈಂಟಿಫಿಕ್ ಮ್ಯಾನೇಜ್‌ಮೆಂಟ್’ ಪುಸ್ತಕದಲ್ಲಿದೆ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಗಟ್ಟಿ ಹೊರುವವರು ದಿನಕ್ಕೆ ಸುಮಾರು 12.5 ಟನ್ ಹೊರುತ್ತಿದ್ದರು. ಟೇಲರ್ ಅವರಲ್ಲಿ ಒಬ್ಬನನ್ನು ಆರಿಸಿ, ಪುಸ್ತಕದಲ್ಲಿ ಅವನಿಗೆ ಶ್ಮಿಟ್ ಎಂದು ಹೆಸರಿಟ್ಟು, ಯಾವಾಗ ಎತ್ತಬೇಕು, ಯಾವಾಗ ನಡೆಯಬೇಕು, ಯಾವಾಗ ಕೂರಬೇಕು ಎಂದು ಪಕ್ಕದಲ್ಲಿ ಆಳು ನಿಲ್ಲಿಸಿ ಹೇಳಿಸಿ 47.5 ಟನ್ ಹೊರಿಸಿದೆನೆಂದು ಹೇಳಿಕೊಳ್ಳುತ್ತಾನೆ. ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಹೊರೆ ಹೆಚ್ಚುಕಡಿಮೆ ನಾಲ್ಕು ಪಟ್ಟು, ಕೂಲಿ ಎರಡು ಪಟ್ಟೂ ಇಲ್ಲ. ಇಲ್ಲೂ ಒಂದು ‘ಹೆಚ್ಚು’ ಇದೆ. ಆದರೆ ಆ ಹೆಚ್ಚು ಎಲ್ಲಿಗೆ ಹೋಯಿತೆಂದು ಕೇಳುವ ಲಕ್ಕಮ್ಮ ಆ ಪುಸ್ತಕದಲ್ಲಿಲ್ಲ. ಶ್ಮಿಟ್ ಮನೆಗೆ ಹೋದ ಮೇಲೆ ಹೆಂಡತಿ ಏನೆಂದಳು ಎಂಬುದಕ್ಕೆ ಟೇಲರ್ ಒಂದು ಸಾಲನ್ನೂ ಕೊಡುವುದಿಲ್ಲ.

ನ್ಯೂಪೋರ್ಟ್ ಟೇಲರ್ ಅಲ್ಲ, ನಿಜ. ಸಂಜೆ ಕೆಲಸವನ್ನು ಕಡ್ಡಾಯವಾಗಿ ಮುಚ್ಚಬೇಕು ಎಂದು ಆತ ಒತ್ತಿ ಹೇಳುತ್ತಾನೆ. ಆದರೆ ಯಾಕೆ? ನಾಳೆಯ ಗಮನ ಇನ್ನಷ್ಟು ಹರಿತವಾಗಿರಲಿ ಎಂದು. ವಿಶ್ರಾಂತಿಯೂ ಅಲ್ಲಿ ಕೆಲಸದ ಲೆಕ್ಕಕ್ಕೇ ಜಮೆ. ನನಗೆ ಇರುಸುಮುರುಸು ಆದದ್ದು ಇಲ್ಲಿ.

ಹಾಗಾದರೆ ದಣಿವಿನ, ಬೇಸರದ ಕೆಲಸದಲ್ಲಿ ಮನಸ್ಸು ನಿಲ್ಲುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಬೇರೆ ಉತ್ತರವೇನಾದರೂ ಇತ್ತೆ? ಇತ್ತು, ಇಂಡಿ ತಾಲ್ಲೂಕಿನದೆಂದು ಸಾಹಿತ್ಯ ಚರಿತ್ರೆಗಳು ಗುರುತಿಸುವ ಹಲಸಂಗಿಯಲ್ಲಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಈ ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ನಮ್ಮಲ್ಲಿ ಜಾನಪದ ಕಾವ್ಯದ ಸಂಗ್ರಹವೆಂದು ಪ್ರಸಿದ್ಧ. ತವರಿನ ಹಂಬಲಕ್ಕಾಗಿ, ತಾಯಿಯ ಪ್ರೀತಿಗಾಗಿ ಅದನ್ನು ಪಾಠ ಮಾಡುತ್ತೇವೆ. ಆದರೆ ಆ ತ್ರಿಪದಿಗಳಲ್ಲಿ ಬಹಳಷ್ಟು ಹುಟ್ಟಿದ್ದು ಬೀಸುವ ಕಲ್ಲಿನ ಮುಂದೆ ಎಂಬುದನ್ನು ಪೀಠಿಕೆಯಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡುತ್ತೇವೆ.

ನಮ್ಮವ್ವ ಬೀಸುತ್ತಿದ್ದದ್ದು ನನಗೆ ಮಸುಕಾಗಿ ನೆನಪಿದೆ. ಕೋಳಿ ಕೂಗುವ ಮೊದಲೇ ಎದ್ದು, ಎಡಗೈಯಿಂದ ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕುತ್ತ, ಬಲಗೈಯಿಂದ ಗೂಟ ಹಿಡಿದು ತಿರುಗಿಸುತ್ತಿದ್ದಳು. ಎದುರಿಗೆ ಸಣ್ಣವ್ವ ಕುಳಿತರೆ ಗೂಟಕ್ಕೆ ಎರಡು ಕೈ, ಹಾಡಿಗೆ ಎರಡು ದನಿ. ತ್ರಿಪದಿ ಪುಸ್ತಕದಲ್ಲಿ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲಿನ ಒಂದು ತುಣುಕು ಮತ್ತೆ ಬರುತ್ತದೆ, ಆಮೇಲೆ ಮೂರನೆಯದಕ್ಕೆ ದಾಟುತ್ತದೆ. ಆ ಮರುಕಳಿಕೆ ಕಲ್ಲಿನ ಸುತ್ತಿಗೆ ಹೊಂದಿಕೊಂಡೇ ಬರುತ್ತಿತ್ತು. ಅಷ್ಟರಲ್ಲಿ ಮುಂದಿನ ಸಾಲು ಹೊಳೆಯಬೇಕು, ಮುಂದಿನ ಹಿಡಿ ಬೀಳಬೇಕು.

ಇಲ್ಲಿ ಗಮನ ಎಲ್ಲಿತ್ತು? ಕೈ ಇದ್ದಲ್ಲೇ ಮನಸ್ಸು ಇರಬೇಕೆನ್ನುವುದು ಈಗಿನ ಬೋಧೆ. ಗರತಿಯ ಮನಸ್ಸು ಕಲ್ಲಿನ ಹತ್ತಿರ ಇರಲೇ ಇಲ್ಲ. ತವರಿನ ಹೊಲದ ದಾರಿಯಲ್ಲಿತ್ತು, ಪಂಚಮಿಗೆ ಕರೆಯಲು ಬಾರದ ಅಣ್ಣನ ಮೇಲಿತ್ತು. ಆದರೂ ಹಿಟ್ಟು ನುಣ್ಣಗೇ ಬೀಳುತ್ತಿತ್ತು. ಕೈಯನ್ನು ಲಯಕ್ಕೆ ಒಪ್ಪಿಸಿ ಮನಸ್ಸನ್ನು ಬಿಡಿಸಿಕೊಳ್ಳುವ ಉಪಾಯ ಅದು. ಯಜಮಾನನಿಗೆ ಕೈ ಮಾತ್ರ ಸಿಗುತ್ತಿತ್ತು, ಮನಸ್ಸಲ್ಲ. ಇದರಲ್ಲಿ ಸೊಗಸೇ ತುಂಬಿತ್ತು ಎನ್ನಲಾರೆ. ಬೀಸುವುದು ತೋಳು ಬೀಳುವ ಕೆಲಸ. ಊರಿಗೆ ಗಿರಣಿ ಬಂದಾಗ ಯಾವ ಹೆಣ್ಣೂ ಹಾಡು ಹೋಯಿತಲ್ಲ ಎಂದು ಅತ್ತದ್ದನ್ನು ನಾನು ಕಾಣೆ. ನಮ್ಮವ್ವ ಕಲ್ಲನ್ನು ದನದ ಕೊಟ್ಟಿಗೆಯ ಮೂಲೆಗೆ ಸರಿಸಿ ನಿಟ್ಟುಸಿರು ಬಿಟ್ಟಳು, ಅಷ್ಟೇ.

ನಾನು ಹೇಳಬೇಕೆಂದಿರುವುದು ಬೇರೆ. ಬೀಸುವ ಪದಗಳಿಗೆ ಒಂದು ಕೊನೆ ಇತ್ತು. ಮೊದಲಿಗೆ ದೇವರ ನೆನಹು. ಕಾಳು ಮುಗಿದ ಮೇಲೆ ಕಲ್ಲಿನ ಅಪ್ಪಣೆ. ಬಿಟ್ಟು ಏಳುತ್ತೇನೆಂದು ಮುನಿಯಬೇಡ, ನಾಳೆ ಬರುತ್ತೇನೆ ಎಂಬ ಅರ್ಥದ ಪದಗಳು ಕನ್ನಡ ನಾಡಿನ ತುಂಬ ಸಿಗುತ್ತವೆ. ಬುಟ್ಟಿಯ ತಳ ಕಂಡರೆ ಕೆಲಸ ಮುಗಿಯಿತು. ಲಕ್ಕಮ್ಮನ ಗಂಟಿನ ಅಳತೆಯೂ ಈ ಬುಟ್ಟಿಯ ಅಳತೆಯೂ ಒಂದೇ: ಇಂದಿನ ರೊಟ್ಟಿಗೆ ಎಷ್ಟು ಬೇಕು? ಅಚ್ಚಾದ ಪುಸ್ತಕದಲ್ಲಿ ನಾವು ಹಾಡನ್ನು ಓದುವಾಗ ಮುಂದೆ ಬುಟ್ಟಿ ಇರುವುದಿಲ್ಲ. ಆದ್ದರಿಂದ ‘ಗರತಿಯ ಹಾಡು’ ನಮಗೆ ಭಾವಗೀತೆಯಾಗಿ ಕಾಣುತ್ತದೆ, ಕೆಲಸದ ಕಾವ್ಯವಾಗಿ ಕಾಣುವುದಿಲ್ಲ. ಗೋಡೆಯ ಮೇಲಿನ ಎರಡು ಪದಕ್ಕೆ ಆದದ್ದೂ ಇದೇ. ಅಲ್ಲಿ ಅಕ್ಕಿಯ ಗಂಟು ಕಾಣೆಯಾಗಿದೆ.

ಒಂದು ಆಕ್ಷೇಪಣೆಯನ್ನು ನಾನೇ ಎತ್ತಬೇಕು. ‘ಸಾಕು’ ಎನ್ನುವುದು ಬಡವರಿಗೆ ಉಪದೇಶಿಸಲು ಬಹಳ ಅನುಕೂಲದ ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯ ತಾಂಡಾಗಳಿಂದ ವರ್ಷವೂ ಕಬ್ಬಿನ ಗ್ಯಾಂಗುಗಳು ಮಹಾರಾಷ್ಟ್ರಕ್ಕೂ ಬೆಳಗಾವಿಯ ಕಡೆಗೂ ಹೋಗುತ್ತವೆ. ಮುಂಗಡ ಮೊದಲೇ ಖರ್ಚಾಗಿರುತ್ತದೆ, ಲೆಕ್ಕ ಟನ್ನಿಗಿಷ್ಟು ಎಂದು. ಗಂಡ ಕಡಿದದ್ದನ್ನು ಹೆಂಡತಿ ಕಟ್ಟಿ ಹೊರುತ್ತಾಳೆ. ಅವರ ಮುಂದೆ ನಿಂತು ಲಕ್ಕಮ್ಮನ ಕಥೆ ಹೇಳುವ ಮುಖ ನನಗಿಲ್ಲ. ಟೇಲರ್‌ನ ಶ್ಮಿಟ್ ಅಲ್ಲಿ ಇನ್ನೂ ಹೊರುತ್ತಲೇ ಇದ್ದಾನೆ. ಆದರೆ ಲಕ್ಕಮ್ಮನಿಗೂ ಅದನ್ನು ಯಾರೂ ಉಪದೇಶಿಸಲಿಲ್ಲ ಎಂಬುದನ್ನು ಮರೆಯಬಾರದು. ಏನೂ ಇಲ್ಲದವಳು ತನ್ನ ಮನೆಯ ಅಳತೆಯನ್ನು ತಾನೇ ನಿರ್ಧರಿಸಿದಳು. ಹೆಚ್ಚಾದದ್ದು ದೊರೆಯ ಬೊಕ್ಕಸಕ್ಕೆ ಹೋಗಲಿಲ್ಲ, ಎಲ್ಲರೂ ಉಣ್ಣುವ ಮಹಾಮನೆಯ ಅಂಗಳಕ್ಕೆ ಮರಳಿತು. ಮುಂದೆ ಅದೇ ದಂಪತಿಗಳು ಬಸವಣ್ಣನವರನ್ನೂ ಜಂಗಮರನ್ನೂ ತಮ್ಮ ಗುಡಿಸಲಿಗೆ ಊಟಕ್ಕೆ ಕರೆಯುತ್ತಾರೆ. ಅಳತೆಯನ್ನು ನಿರ್ಧರಿಸುವ ಅಧಿಕಾರ ಕಬ್ಬು ಕಡಿಯುವವಳ ಕೈಯಲ್ಲೂ ಇಲ್ಲ, ನನ್ನ ಅಳಿಯನ ಕೈಯಲ್ಲೂ ಇಲ್ಲ. ಇಬ್ಬರ ಸಂಕಟ ಒಂದೇ ತೂಕದ್ದೆಂದು ನಾನು ಹೇಳುತ್ತಿಲ್ಲ.

ಹಬ್ಬ ಮುಗಿಸಿ ಹೊರಡುವ ರಾತ್ರಿ ಅಳಿಯ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದ. ಬಸ್ಸು ಬರಲು ಇನ್ನೂ ಅರ್ಧ ಗಂಟೆ ಇತ್ತು. ಲಕ್ಕಮ್ಮನ ಕಥೆಯನ್ನು ಅವನಿಗೆ ಪೂರ್ತಿ ಹೇಳಿದೆ. ಪರದೆಯಿಂದ ಕಣ್ಣು ತೆಗೆಯದೆ ಕೇಳಿದ, ಆಮೇಲೆ ತಲೆ ಎತ್ತಿ, ‘ಮಾಮಾ, ಆಕಿ ಅಕ್ಕಿ ಗಂಟು ನೋಡಿದ ಕೂಡ್ಲೇ ಹೆಚ್ಚಾಗೇತಿ ಅಂತ ಹೆಂಗ ಗುರುತ ಹಿಡದ್ಲು?’ ಎಂದ. ದಿನಾ ಅಡುಗೆ ಮಾಡುವವಳಲ್ಲವೇ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಲ್ಯಾಪ್‌ಟಾಪ್ ಮುಚ್ಚದೆ ಪಕ್ಕಕ್ಕೆ ಇಟ್ಟು ಚಹಾ ತರಲು ಎದ್ದ.