ಮಾಘದ ಬಿಸಿಲಲ್ಲಿ ಮಾಡು ಹತ್ತುವುದು

ಅಡಿಕೆ ಕೊಯ್ಲು ಮುಗಿದಿದೆ. ಬೆಳಗಿನ ಇಬ್ಬನಿ ಒಂಬತ್ತು ಗಂಟೆಗೆಲ್ಲ ಆರುತ್ತಿದೆ. ಮಲೆನಾಡಿನ ಹಂಚಿನ ಮನೆಯವರಿಗೆ ಈ ವಾರ ನನ್ನದೊಂದೇ ಮಾತು: ಏಣಿ ತೆಗೆಯಿರಿ.

ಹಂಚು ಕೈಯಾಡಿಸುವುದು ಮೇ ತಿಂಗಳ ಕೆಲಸ ಎಂಬ ರೂಢಿ ನಮ್ಮಲ್ಲಿ ಬಲವಾಗಿದೆ. ಮೇ ಬಂದರೆ ಊರಿಗೆ ಊರೇ ಮಾಡು ಹತ್ತಬಲ್ಲ ನಾಲ್ಕೇ ನಾಲ್ಕು ಜನರನ್ನು ಹುಡುಕುತ್ತದೆ. ಬಂದವರಿಗೂ ಕಾದ ಹಂಚಿನ ಮೇಲೆ ಅಂಗಾಲು ಊರಲಾಗದು. ಎರಡು ಸಾಲು ಬಿಚ್ಚುವಷ್ಟರಲ್ಲಿ ಸಂಜೆಯ ಗುಡುಗು. ಒಮ್ಮೆ ಹೀಗೆ ಬಿಚ್ಚಿಟ್ಟ ಮಾಡಿನೊಳಗೆ ಮಳೆ ಸುರಿದು ನಮ್ಮ ಅಟ್ಟದಲ್ಲಿದ್ದ ಮೂರು ಚೀಲ ಅಡಿಕೆ ನೆನೆಯಿತು. ಆಮೇಲೆ ನಾನು ಮಾಘ ತಪ್ಪಿಸಿಲ್ಲ. ಈಗ ಪಾಚಿ ಒಣಗಿ ಹಕ್ಕಳೆಯಾಗಿರುತ್ತದೆ, ತೆಂಗಿನ ಚಿಪ್ಪಿನಿಂದ ಕೆರೆದರೆ ಸಾಕು. ಮರವೂ ಒಣಗಿರುವುದರಿಂದ ವರಲೆ ತಿಂದ ಜಾಗ ಕಣ್ಣಿಗೆ ಬೀಳುತ್ತದೆ.

ಬಿಚ್ಚುವುದು ಕೋಳಿನಿಂದ ಕೆಳಕ್ಕೆ, ಹೊದಿಸುವುದು ಸೂರಿನಿಂದ ಮೇಲಕ್ಕೆ. ಹಂಚಿನ ನಡುವೆ ಕಾಲಿಡಬೇಡಿ; ಕೆಳಗೆ ರೀಪಿನ ಆಸರೆ ಇರುವಲ್ಲೇ ಹೆಜ್ಜೆ ಊರಿ. ಕೈಗೆ ಬಂದ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಹಂಚು ಠಣ್ಣೆನ್ನುತ್ತದೆ, ಕೂದಲೆಳೆಯಷ್ಟು ಸೀಳಿದ್ದರೂ ಸದ್ದು ಸತ್ತಿರುತ್ತದೆ. ಅಂಥದ್ದು ಮೇಲಿಂದ ಎಷ್ಟೇ ಚೆಂದ ಕಂಡರೂ ಆಷಾಢದಲ್ಲಿ ಹಾಸಿಗೆಯ ಮೇಲೇ ತೊಟ್ಟಿಕ್ಕುವುದು.

ಹಳೆಯ ಹಂಚನ್ನು ಎಸೆದು ಹೊಸದು ತರುವ ಅವಸರ ನನಗೆ ಒಪ್ಪಿಗೆಯಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಕಟ್ಟಿ ಅಚ್ಚಿನ ಹಂಚು ತೆಗೆಯುವವರೆಗೆ ನಮ್ಮ ಕಡೆಯ ಮನೆಗಳ ಮೇಲೆ ಅಡಿಕೆ ಸೋಗೆ, ಹುಲ್ಲು, ಕುಂಬಾರರ ನಾಡಹಂಚು ಇರುತ್ತಿದ್ದವು. ಒಂದರ ಕಚ್ಚಿಗೆ ಇನ್ನೊಂದು ಕೂತು ಗಾಳಿಮಳೆಗೆ ಅಲುಗದ ಹಂಚು ಬಂದದ್ದು ಆಮೇಲೆ. ಆ ಕಾಲದ ಅಚ್ಚಿರುವ ಕೆಲವು ನಮ್ಮ ಉತ್ತರದ ಇಳಿಜಾರಿನಲ್ಲಿ ಇಂದಿಗೂ ಠಣ್ಣೆನ್ನುತ್ತಿವೆ. ಆದರೆ ಒಂದು ಕಾರ್ಖಾನೆಯ ಕಚ್ಚು ಇನ್ನೊಂದಕ್ಕೆ ಕೂರುವುದಿಲ್ಲ. ಒಡೆದ ಹತ್ತಕ್ಕೆ ಬೇರೆ ಅಚ್ಚಿನ ಹತ್ತು ಸಿಕ್ಕಿಸಿದರೆ ಸಂದಿಯಲ್ಲಿ ನೀರು ಹಾಯುತ್ತದೆ. ಹಳೆಯದನ್ನೆಲ್ಲ ಒಂದು ಇಳಿಜಾರಿಗೆ ಕೂಡಿಸಿ, ಹೊಸದನ್ನು ಇನ್ನೊಂದು ಇಳಿಜಾರಿಗೆ ಹೊದಿಸಿ. ನೂರು ಚದರಡಿಗೆ ಸುಮಾರು 140 ಹಂಚು ಬೇಕು. ಅದರ ಮೇಲೆ ಇಪ್ಪತ್ತು ಹೆಚ್ಚಿಗೆ ತಂದು ಕೊಟ್ಟಿಗೆಯಲ್ಲಿಟ್ಟುಕೊಳ್ಳಿ, ಮಂಗಗಳಿಗಾಗಿ.

ಹಂಚು ಕೆಳಗಿಳಿದಾಗ ರೀಪು, ಪಕಾಸಿಗಳಿಗೆ ಗೇರೆಣ್ಣೆ ಹಚ್ಚುವುದನ್ನು ಮರೆಯಬೇಡಿ. ಕೈಗೆ ತಗುಲಿದರೆ ಸುಡುತ್ತದೆ, ಬಟ್ಟೆ ಸುತ್ತಿಕೊಳ್ಳಿ. ಒಲೆಯ ಹೊಗೆ ಹತ್ತಿ ಕಪ್ಪಾದ ಅಡುಗೆಮನೆಯ ಪಕಾಸಿಗೆ ಮಾತ್ರ ನಾನು ಏನನ್ನೂ ಹಚ್ಚುವುದಿಲ್ಲ. ಹೊಗೆಯೇ ಅದನ್ನು ಹುಳುವಿನಿಂದ ಕಾಯ್ದಿದೆ.

ಮಾಡಿನಿಂದ ಬಿದ್ದ ಕಸವನ್ನು ಗುಡಿಸಿ ಸುಡುವವರನ್ನು ಕಂಡರೆ ಸಂಕಟವಾಗುತ್ತದೆ. ಹಲಸಿನೆಲೆ ಕೊಳೆತ ಆ ಕರಿಮಣ್ಣು ಹಗುರ, ನೀರು ಹಿಡಿಯುತ್ತದೆ. ಬುಟ್ಟಿ ತುಂಬಿ ನೆರಳಿನಲ್ಲಿಡಿ. ಡೇರೆ ಗೆಡ್ಡೆಗಳನ್ನು ಈ ಹೊತ್ತಿಗೆ ಕಿತ್ತು ಒಣಮರಳಿನಲ್ಲಿ ಇಟ್ಟಿರುತ್ತೀರಲ್ಲ, ಮಳೆ ಹಿಡಿಯುವ ಮೊದಲು ಅವನ್ನು ನೆಡುವಾಗ ಕುಂಡಕ್ಕೆ ಇದೇ ಮಣ್ಣು ಬೇಕಾಗುತ್ತದೆ. ಕುಂಡದ ತಳದ ತೂತಿನ ಮೇಲೆ ಒಡಕು ಹಂಚಿನ ಚೂರು ಬೋರಲು ಹಾಕಿದರೆ ಜಡಿಮಳೆಯಲ್ಲೂ ಗೆಡ್ಡೆ ಕೊಳೆಯದು.

ಮನೆಯ ಸುತ್ತ ಬಿದ್ದ ದರಕನ್ನು ಈಗಲೇ ಗುಡಿಸಿ ಕೊಟ್ಟಿಗೆಗೆ ಹಾಸಿ. ದನಕ್ಕೆ ಹಾಸಿಗೆ, ತೋಟಕ್ಕೆ ಗೊಬ್ಬರ, ಬೆಟ್ಟದ ಬೆಂಕಿ ಮನೆಯತ್ತ ಹರಿದು ಬರಲು ದಾರಿಯಿಲ್ಲ.

ಉಳಿದ ಒಡಕು ಹಂಚನ್ನು ನಮ್ಮಮ್ಮ ಬಚ್ಚಲ ಹಿಂದಿನ ಬಸಳೆ ಚಪ್ಪರದ ಕೆಳಗೆ ಒತ್ತೊತ್ತಾಗಿ ನಿಲ್ಲಿಸಿ ಪಾತಿ ಕಟ್ಟಿದ್ದಾಳೆ. ಬಚ್ಚಲ ನೀರು ಅಲ್ಲೇ ನಿಂತು ಇಂಗುತ್ತಿದೆ. ಬಸಳೆ ಹಂಬು ನಿನ್ನೆ ಹೊಸದಾಗಿ ಹೊದಿಸಿದ ಸೂರನ್ನು ಮುಟ್ಟಿದೆ.